ಮುಷ್ಟಿ ಹೋಗುವಷ್ಟು ಸಡಿಲ

ಹುಲ್ಲುಗಾವಲ ನಾಡಿನ ನಮ್ಮ ಜಿಲ್ಲೆಯಲ್ಲಿ ಕುಸ್ತಿ ಅಂಗಿ ಕೊಳ್ಳುವವರು ರೇಷ್ಮೆ ಎಲ್ಲಿಯದು, ದಾರ ಎಷ್ಟು ಗಟ್ಟಿ ಎಂದು ವಿಚಾರಿಸುವುದಿಲ್ಲ. ಅಂಗಿಯನ್ನು ತಿರುವಿ ಕೊರಳಪಟ್ಟಿಯ ಒಳಗೆ ನೋಡುತ್ತಾರೆ. ಅಲ್ಲಿ ನೀಲಿ ದಾರದಲ್ಲಿ ಕುದುರೆ ಗೊರಸಿನ ಒಂದು ಸಣ್ಣ ಗುರುತು ಇದ್ದರೆ ಅದು ಪಗ್ಮಾ ಹೊಲಿದದ್ದು. ಮುಂದೆ ಮಾತಿಲ್ಲ.

ಪಗ್ಮಾ ನಮ್ಮ ತಾಲೂಕಿನವಳು. ನಾನು ಇಲ್ಲಿನ ಆಸ್ಪತ್ರೆಗೆ ವೈದ್ಯಳಾಗಿ ಬಂದ ವರ್ಷ ಅವಳು ಸಹಕಾರಿ ಸಂಘದ ಹೊಲಿಗೆ ಕೋಣೆಯಲ್ಲಿ ಕುರಿಗಾಹಿಗಳ ಚಳಿಗಾಲದ ನಿಲುವಂಗಿ ಹೊಲಿಯುತ್ತಿದ್ದಳು. ಅಂಗೈಯಲ್ಲಿ ಮುರಿದು ಉಳಿದ ಸೂಜಿಯ ತುದಿಯನ್ನು ತೆಗೆಸಿಕೊಳ್ಳಲು ಒಂದು ದಿನ ನನ್ನ ಬಳಿ ಬಂದಳು. ಮರಗಟ್ಟಿಸುವ ಚುಚ್ಚುಮದ್ದನ್ನು ಸಿದ್ಧಮಾಡಿಕೊಂಡೆ.

"ಏನದು?" ಎಂದಳು.

"ನೋವಾಗದ ಹಾಗೆ ಒಂದು ಸೂಜಿ."

"ಸೂಜಿ ತೆಗೆಯೋಕೆ ಇನ್ನೊಂದು ಸೂಜಿನಾ? ಬೇಡ ಡಾಕ್ಟ್ರೇ. ಸುಮ್ನೆ ಕುಯ್ಯಿರಿ."

ಕುಯ್ದೆ. ಅವಳ ಕೈ ಅಲ್ಲಾಡಲಿಲ್ಲ. ಮುಖ ಮಾತ್ರ ಕೆಂಪಾಗಿತ್ತು, ಅದು ನೋವಿಗಲ್ಲ. ಸೂಜಿ ಮುರಿಯುವಂತೆ ಹೊಲಿದೆನಲ್ಲ ಎಂಬ ಸಿಟ್ಟಿಗೆ. ಆವತ್ತಿನಿಂದ ನಮ್ಮಿಬ್ಬರ ಪರಿಚಯ.

ಗಿಡ್ಡ ಹೆಂಗಸು, ಅಗಲವಾದ ಭುಜ, ದಪ್ಪ ಬೆರಳು. ಮೂವರು ಅಣ್ಣಂದಿರ ನಡುವೆ ಬೆಳೆದವಳು. ಹತ್ತು ವರ್ಷ ತುಂಬುವವರೆಗೆ ಅವರ ಜೊತೆ ಹುಲ್ಲಿನ ಮೇಲೆ ಕುಸ್ತಿಯಾಡುತ್ತಿದ್ದಳು, ಕಿರಿಯ ಅಣ್ಣನನ್ನು ಕೆಡವುತ್ತಲೂ ಇದ್ದಳು. ಅವನಿಗೆ ಅದು ಸಹಿಸದೆ ಅಪ್ಪನಿಗೆ ದೂರು ಕೊಟ್ಟ. ಹೆಣ್ಣು ಅಖಾಡಕ್ಕೆ ಇಳಿಯಬಾರದು ಎಂದು ಅಪ್ಪ ಅವಳ ಕೈಗೆ ಸೂಜಿ ಕೊಟ್ಟ. ಅಣ್ಣಂದಿರ ಹರಿದ ಅಂಗಿಗಳಿಗೆ ತೇಪೆ ಹಾಕುತ್ತ ಕಸುಬು ಕಲಿತಳು. ಕುಸ್ತಿಯ ಯಾವ ಪಟ್ಟಿಗೆ ಬಟ್ಟೆಯ ಯಾವ ಭಾಗ ಎಳೆತಕ್ಕೆ ಸಿಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಮೈಗೆ ಗೊತ್ತಿತ್ತು.

ನಮ್ಮ ಕುಸ್ತಿ ಅಂಗಿ ಅರ್ಧ ಅಂಗಿ. ಎರಡು ತೋಳು, ಒಂದು ಬೆನ್ನು, ಹೊಟ್ಟೆಯ ಮೇಲೆ ಬಿಗಿಯುವ ಒಂದು ಹಗ್ಗ. ಎದೆ ಬರಿದು. ಹಿಂದೆ ಯಾವಳೋ ಒಬ್ಬಳು ಗಂಡುವೇಷದಲ್ಲಿ ಬಂದು ಎಲ್ಲ ಜಟ್ಟಿಗಳನ್ನೂ ಮಣ್ಣುಮುಕ್ಕಿಸಿದಳಂತೆ, ಇನ್ನೊಬ್ಬಳು ಹಾಗೆ ನುಸುಳಬಾರದೆಂದು ಎದೆ ತೆರೆದಿಟ್ಟರಂತೆ. ನಂಬುವವರು ನಂಬಲಿ. ಪಗ್ಮಾ ಈ ಕತೆಯನ್ನು ಹೊಸ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು, ತನ್ನದೇ ಒಂದು ಮಾತು ಸೇರಿಸಿ: "ನೋಡಪ್ಪಾ, ಒಬ್ಬ ಹೆಂಗಸಿಗೆ ಹೆದರಿ ಇಡೀ ದೇಶದ ಗಂಡಸ್ರು ಎದೆ ಬಿಟ್ಕೊಂಡು ಓಡಾಡ್ತಿದ್ದೀರ."

ಸಂಘ ಮುಚ್ಚಿದ ಮೇಲೆ ಅವಳು ತನ್ನ ಗುಡಾರದಲ್ಲೇ ಹೊಲಿಯತೊಡಗಿದಳು. ಎರಡು ಪದರ ರೇಷ್ಮೆ, ನಡುವೆ ಡೇರೆಯ ದಪ್ಪ ಬಟ್ಟೆ, ಮೇಣ ತಿಕ್ಕಿದ ದಾರ. ಅವಳ ಅಂಗಿ ಹರಿದದ್ದನ್ನು ನಾನು ಕಂಡಿಲ್ಲ. ಅಖಾಡದ ಅಂಚಿನಲ್ಲಿ ಮೂಳೆ ಕೂರಿಸಲು ಕಾದು ಕುಳಿತು ನಾನು ಕಂಡ ಕುಸ್ತಿಗಳು ಕಡಿಮೆಯೇನಲ್ಲ. ಭುಜ ಕಳಚಿದೆ, ಪಕ್ಕೆಲುಬು ಮುರಿದಿದೆ, ಪಗ್ಮಾಳ ಹೊಲಿಗೆ ಬಿಟ್ಟಿಲ್ಲ.

ಆದರೆ ಅವಳ ಹೆಸರು ನಿಂತದ್ದು ಗಟ್ಟಿತನದ ಮೇಲಲ್ಲ, ಸಡಿಲದ ಮೇಲೆ. ಅಂಗಿ ತೊಟ್ಟು ತೋಳು ಚಾಚಿ ನಿಂತರೆ ಬೆನ್ನಿಗೂ ಬಟ್ಟೆಗೂ ನಡುವೆ ಗಂಡಸಿನ ಒಂದು ಮುಷ್ಟಿ ಹೋಗಬೇಕು. ಇದು ಅವಳು ತಾನೇ ಮಾಡಿಕೊಂಡ ನಿಯಮ. ಆ ಕಾಲಕ್ಕೆ ಅಂಗಿಯನ್ನು ಮೈಗಂಟಿದಂತೆ ಹೊಲಿಸುವ ಚಾಳಿ ಶುರುವಾಗಿತ್ತು. ಬಟ್ಟೆ ಮೈಗೆ ಕಚ್ಚಿಕೊಂಡರೆ ಎದುರಾಳಿಯ ಬೆರಳಿಗೆ ಏನೂ ಸಿಗದು, ಹಿಡಿತ ಜಾರುತ್ತದೆ. ಒಮ್ಮೆ ಒಬ್ಬ ದೊಡ್ಡ ಪೈಲ್ವಾನ ಬಂದಾಗ ನಾನೂ ಅಲ್ಲಿದ್ದೆ.

"ಪಗ್ಮಕ್ಕ, ಬೆನ್ನ ಹತ್ರ ಸ್ವಲ್ಪ ಒಳಗೆ ತಗೊಳ್ಳಿ. ಮೈಗೆ ಅಂಟ್ಕೊಂಡಿರ್ಲಿ."

"ಯಾಕಪ್ಪಾ, ಚಳಿನಾ?"

"ಚಳಿಗಲ್ಲಕ್ಕ. ಎದುರಿಗಿರೋನಿಗೆ ಹಿಡಿಯೋಕೆ ಸಿಗಬಾರ್ದು."

"ಹಂಗಾದ್ರೆ ನದೀಲಿರೋ ಮೀನನ್ನ ಕೇಳು. ಅದಕ್ಕೆ ಅಂಗಿನೇ ಬೇಡ, ಆದ್ರೂ ಯಾರ ಕೈಗೂ ಸಿಗಲ್ಲ."

"ಬೇರೆ ಜಿಲ್ಲೆಗಳಲ್ಲಿ ಎಲ್ರೂ ಹಂಗೇ ಹೊಲಿಸ್ತಾರೆ."

"ಹೊಲಿಸ್ಲಿ. ಹಿಡಿಯೋಕೆ ಜಾಗ ಕೊಡದೋನು ಕುಸ್ತಿಗೆ ಯಾಕೆ ಬರ್ಬೇಕು? ಮನೇಲಿ ಕೂತು ಆಡಿನ ಹಾಲು ಕರೀಲಿ."

"ಆಡನ್ನೂ ಹಿಡೀಬೇಕಲ್ಲಕ್ಕ!" ಎಂದ ಅವನು.

ಅದಕ್ಕೆ ಅವಳು ನಕ್ಕಳು, ನಕ್ಕು ಅಂಗಿ ಹೊಲಿದುಕೊಟ್ಟಳು. ಮುಷ್ಟಿ ಹೋಗುವಷ್ಟು ಸಡಿಲವಾಗಿಯೇ.

ಈ ಸುದ್ದಿ ಜಂಬಾಲ್ ಅಜ್ಜನ ಕಿವಿಗೆ ಬಿತ್ತು. ಅವನು ಜಿಲ್ಲೆಯ ಕುಸ್ತಿ ಹಿರಿಯರಲ್ಲಿ ಮೊದಲಿಗ, ತಾರುಣ್ಯದಲ್ಲಿ ‘ಸಿಂಹ’ ಎಂಬ ಬಿರುದು ಗೆದ್ದವನು. ಬೇಸಿಗೆಯಲ್ಲಿ ಕುಸ್ತಿ, ಕುದುರೆ ಓಟ ನಡೆಯುವ ನಾದಮ್ ಹಬ್ಬದಲ್ಲಿ, ಮುಂದಿನ ವರ್ಷದಿಂದ, ಬೆಳಿಗ್ಗೆ ಕಣಕ್ಕಿಳಿಯುವ ಪ್ರತಿಯೊಬ್ಬನ ಬೆನ್ನಿಗೆ ಮುಷ್ಟಿ ಹಾಕಿ ನೋಡುವ ಪದ್ಧತಿ ತಂದ. ಹೋಗದಿದ್ದರೆ ಅಂಗಿ ಬದಲಿಸಬೇಕು. ಆದರೆ ಕೊರಳಪಟ್ಟಿ ತಿರುವಿ ನೀಲಿ ಗೊರಸು ಕಂಡರೆ ಅಜ್ಜ ಕೈ ಹಾಕುತ್ತಿರಲಿಲ್ಲ. "ಇದು ಪಗ್ಮಾಳದ್ದು, ನಡಿ" ಎಂದು ಬೆನ್ನು ತಟ್ಟಿ ಬಿಡುತ್ತಿದ್ದ. ಪಗ್ಮಾಗೆ ಅದು ತಿಳಿದಿತ್ತು. ತನ್ನ ಬಾಯಿಂದ ಹೇಳಿಕೊಳ್ಳುತ್ತಿರಲಿಲ್ಲ, ಯಾರಾದರೂ ಹೇಳಿದರೆ ತಡೆಯುತ್ತಲೂ ಇರಲಿಲ್ಲ.

ಅವಳಿಗೆ ಒಬ್ಬನೇ ಮಗ, ಒಸೋರ್. ಗಂಡ ದಗ್ವ ಕುದುರೆ ಮೇಯಿಸುವವನು, ಮಾತಿಗಿಂತ ಶಿಳ್ಳೆಯಲ್ಲಿ ಹೆಚ್ಚು ಹೇಳುವ ಆಸಾಮಿ. ಮಗ ಅಪ್ಪನ ಎತ್ತರ, ತಾಯಿಯ ಭುಜ. ಇಪ್ಪತ್ತನೆಯ ವಯಸ್ಸಿಗೆ ತಾಲೂಕಿನಲ್ಲಿ ಅವನನ್ನು ಕೆಡವುವವರು ಉಳಿಯಲಿಲ್ಲ. ಆ ವರ್ಷ ಅವನು ಜಿಲ್ಲಾ ನಾದಮ್‌ಗೆ ಹೋಗುವುದೆಂದಾಯಿತು. ಅಲ್ಲಿ ಐದು ಸುತ್ತು ಗೆದ್ದವನಿಗೆ ‘ಗಿಡುಗ’ ಎಂಬ ಬಿರುದು. ಅದರ ಮೇಲೆ ಆನೆ, ಅದರ ಮೇಲೆ ಸಿಂಹ. ನಮ್ಮ ತಾಲೂಕಿಗೆ ಗಿಡುಗ ಕೂಡ ಎಂದೂ ಬಂದಿರಲಿಲ್ಲ. ಪಕ್ಕದ ತಾಲೂಕಿನವರು ನಮ್ಮನ್ನು ಗುಬ್ಬಿಗಳ ತಾಲೂಕು ಎನ್ನುತ್ತಿದ್ದರು.

ಆ ವಸಂತದಲ್ಲಿ ನಾನು ಅವಳ ಗುಡಾರಕ್ಕೆ ಹೋದಾಗ ಅವಳು ಮಗನ ಅಂಗಿಗೆ ಕೆಂಪು ರೇಷ್ಮೆ ಕತ್ತರಿಸುತ್ತಿದ್ದಳು. ಗುಡಾರದ ಛಾವಣಿಯ ಗಳುಗಳಿಂದ ಕುದುರೆಕೂದಲಿನ ಹಗ್ಗಗಳು ತೂಗುತ್ತಿದ್ದವು. ಒಬ್ಬೊಬ್ಬ ಪೈಲ್ವಾನನಿಗೆ ಒಂದು ಹಗ್ಗ. ಭುಜಕ್ಕೊಂದು ಗಂಟು, ಬೆನ್ನಿಗೊಂದು, ತೋಳಿಗೊಂದು. ಪ್ರತಿ ವರ್ಷ ಹೊಸದಾಗಿ ಅಳೆದು ಗಂಟು ಬಿಚ್ಚಿ ಕಟ್ಟುವಳು. ಗಂಡಸಿನ ಮೈಯನ್ನು ಹೋದ ವರ್ಷದ ಲೆಕ್ಕದಲ್ಲಿ ನಂಬಬಾರದು ಎಂಬುದು ಅವಳ ಮಾತು.

"ಒಸೋರನ ಹಗ್ಗ ಯಾವುದು?" ಎಂದು ಕೇಳಿದೆ.

"ಅವನಿಗೆ ಹಗ್ಗ ಇಲ್ಲ."

"ಯಾಕೆ?"

"ಹೆತ್ತೋಳು ನಾನು. ಅವನ ಮೈ ನಂಗೆ ಗೊತ್ತಿಲ್ವಾ?" ಕತ್ತರಿ ನಿಲ್ಲಲಿಲ್ಲ. "ಟೀ ಆರ್ತಿದೆ, ಕುಡೀರಿ."

ಉಪ್ಪು ಹಾಕಿದ ಹಾಲಿನ ಚಹಾ ಕುಡಿದು ಎದ್ದೆ. ಒಸೋರ್ ಅಲ್ಲಿಯೇ ಬಾಗಿಲ ಬಳಿ ಜೀನು ರಿಪೇರಿ ಮಾಡುತ್ತಿದ್ದ. ನಮ್ಮಲ್ಲಿ ವಸಂತ ಎಂದರೆ ದನಕರು, ಮನುಷ್ಯರು ಎಲ್ಲರೂ ಸೊರಗಿ ಎಲುಬು ಎಣಿಸುವ ಕಾಲ. ಅವನ ಭುಜದ ಮೂಳೆ ಅಂಗಿಯೊಳಗಿಂದ ಕಾಣುತ್ತಿತ್ತು.

ಅಂಗಿ ಮುಗಿಯುವ ಮೊದಲೇ ಅವನು ನದೀತೀರದ ಪೈಲ್ವಾನರ ಬಿಡಾರಕ್ಕೆ ಹೋದ. ದಿನಕ್ಕೆ ಎರಡು ಹೊತ್ತು ಕುಸ್ತಿ, ಮೂರು ಹೊತ್ತು ಕುರಿಮಾಂಸ, ಹಾಲು ಕರೆಯುವ ಕಾಲ ಬಂದಮೇಲೆ ಹುದುಗಿಸಿದ ಕುದುರೆ ಹಾಲು ಬೋಗುಣಿಗಟ್ಟಲೆ. ಅಂಗಿಯನ್ನು ಪಗ್ಮಾ ಆ ಕಡೆ ಹೊರಟಿದ್ದ ಲಾರಿಯವನ ಕೈಯಲ್ಲಿ ಕಳಿಸಿದಳು. ಮಗನನ್ನು ಆ ಅಂಗಿಯಲ್ಲಿ ಅವಳು ಮೊದಲು ನೋಡಿದ್ದು ನಾದಮ್ ದಿನ, ಅಖಾಡದ ಹೊರಗೆ ಜನ ಕೂತ ಕಡೆಯಿಂದ.

ಆ ದಿನ ಜಂಬಾಲ್ ಅಜ್ಜ ಒಸೋರನ ಕೊರಳಪಟ್ಟಿ ತಿರುವಿದ್ದ, ಗೊರಸು ಕಂಡಿದ್ದ, ಬೆನ್ನು ತಟ್ಟಿ ಬಿಟ್ಟಿದ್ದ. ಇದನ್ನು ಆಮೇಲೆ ಕೇಳಿ ತಿಳಿದುಕೊಂಡೆವು.

ಮೊದಲ ನಾಲ್ಕು ಸುತ್ತನ್ನು ಒಸೋರ್ ನೀರು ಕುಡಿದಂತೆ ಗೆದ್ದ. ಅವನದು ಕಾಲಿನ ಕುಸ್ತಿ. ಎದುರಾಳಿಯ ಕೈ ಅವನ ಬೆನ್ನಿಗೆ ತಲುಪುವ ಮೊದಲೇ ಅವನ ಕಾಲು ಎದುರಾಳಿಯ ಹಿಮ್ಮಡಿಗೆ ಕೊಕ್ಕೆ ಹಾಕಿರುತ್ತಿತ್ತು. ಗೆದ್ದವರ ಪದ್ಧತಿಯಂತೆ ಗಿಡುಗ ಹಕ್ಕಿಯ ಹಾಗೆ ತೋಳು ಬಿಚ್ಚಿ ಕುಣಿದು, ತನಗೆ ಕೊಟ್ಟ ಒಣಮೊಸರಿನ ಗಟ್ಟಿಗಳನ್ನು ನಮ್ಮ ಊರಿನವರು ಕೂತ ಕಡೆಗೆ ಎಸೆದ. ಹೆಂಗಸರು ಮಡಿಲೊಡ್ಡಿ ಹಿಡಿದರು. ದಗ್ವ ಎರಡು ಬೆರಳಿಟ್ಟು ಶಿಳ್ಳೆ ಹಾಕಿದ. ಪಗ್ಮಾ ಮಾತ್ರ ಕೈಯಲ್ಲಿದ್ದ ಕರಿದ ಮಾಂಸದ ಕಡುಬನ್ನು ಕಚ್ಚದೆ ಹಾಗೇ ಹಿಡಿದು ಕುಳಿತಿದ್ದಳು.

"ಡಾಕ್ಟ್ರೇ, ಅವನು ತಿರುಗಿದಾಗ ಬೆನ್ನು ನೋಡಿದ್ರಾ?"

"ಏನಾಗಿದೆ? ಪೆಟ್ಟೇನೂ ಇಲ್ಲ."

"ಪೆಟ್ಟಲ್ಲ. ಬಟ್ಟೇಲಿ ನೆರಿಗೆ ಬೀಳ್ತಿಲ್ಲ."

"ಬೀಳ್ಬೇಕಾ?"

"ಬೀಳ್ಬೇಕು."

"ಏ ಹೋಗೇ," ಎಂದ ದಗ್ವ. "ಗೆದ್ದ ಮೇಲೆ ನೆರಿಗೆ ಎಣಿಸೋಣ."

ಐದನೆಯ ಸುತ್ತಿಗೆ ಬಿರುದುಳ್ಳವರು ತಮ್ಮ ಎದುರಾಳಿಯನ್ನು ತಾವೇ ಆರಿಸಿಕೊಳ್ಳುತ್ತಾರೆ. ಪಕ್ಕದ ತಾಲೂಕಿನ ರಾವ್ದನ್ ಆಗಲೇ ಗಿಡುಗ ಬಿರುದಿನವನು, ಬಂಡೆಯಂಥ ಆಳು. ಅವನು ಸಾಲನ್ನೆಲ್ಲ ನೋಡಿ ಒಸೋರನ ಕಡೆ ಗದ್ದ ಎತ್ತಿದ. "ಆ ಕರು ನಂಗಿರ್ಲಿ."

"ಕರುಗೂ ಕೊಂಬು ಮೂಡಿರತ್ತೆ ಕಣಯ್ಯ!" ಎಂದು ನಮ್ಮ ಕಡೆಯಿಂದ ಯಾರೋ ಕೂಗಿದರು.

ರಾವ್ದನನ ಟೋಪಿ ಹಿಡಿದು ಅವನ ಬಿರುದು ಕೂಗುವ ಬಂಟ ಸೋದೋವ್. ಗಂಟಲು ದೊಡ್ಡದು, ನಾಲಿಗೆ ಅದಕ್ಕಿಂತ ದೊಡ್ಡದು. ರಾವ್ದನನ ಬಿರುದು, ಒಸೋರನ ಹೆಸರು ಕೂಗಿ ಆದಮೇಲೆ ಕುಸ್ತಿ ಶುರುವಾಯಿತು. ರಾವ್ದನ್ ಕಾಲಿಗೆ ಸಿಗುವವನಲ್ಲ. ಕಂಬಗಳಂತೆ ಕಾಲು ಊರಿ ತೋಳನ್ನು ಒಸೋರನ ಭುಜದ ಮೇಲಿಂದ ಹಾಕಿ ಬೆನ್ನಿನ ಬಟ್ಟೆಗೆ ಕೈ ಹಾಕಿದ. ಜಾರಿತು. ಮತ್ತೆ ಹಾಕಿದ. ಜಾರಿತು. ಮೂರನೆಯ ಸಲ ಅವನ ಉಗುರು ರೇಷ್ಮೆಯ ಮೇಲೆ ಕೆರೆದ ಸದ್ದು ಕೇಳಿಸಿತು. ಆ ಜಾರಿದ ಗಳಿಗೆಯಲ್ಲಿ ಒಸೋರ್ ಅವನನ್ನು ಮುಗ್ಗರಿಸುವಂತೆ ದಬ್ಬಿದ. ರಾವ್ದನ್ ಬೀಳದೆ ಉಳಿದದ್ದೇ ಹೆಚ್ಚು.

ಸೋದೋವ್ ಟೋಪಿ ಎತ್ತಿ ಕುಸ್ತಿ ನಿಲ್ಲಿಸಿದ. ಹಿರಿಯರ ಮೇಜಿನ ಕಡೆ ನಡೆದ.

"ಅಜ್ಜಾ, ಆ ಅಂಗಿಗೆ ಮುಷ್ಟಿ ಹಾಕಿ ನೋಡಿ."

ಜಂಬಾಲ್ ಅಜ್ಜ ಕೂತಲ್ಲಿಂದ ಏಳಲಿಲ್ಲ. "ಅದು ಪಗ್ಮಾ ಹೊಲಿದದ್ದು."

"ಯಾರು ಹೊಲಿದ್ರೆ ಏನು? ನಮ್ಮೋನ ಕೈಗೆ ಸಿಗ್ತಿಲ್ಲ."

"ನಿಮ್ಮೋನ ಕೈ ಬೆವರಿರ್ಬೇಕು. ಪಗ್ಮಾಳ ಅಂಗಿಗೆ ಮುಷ್ಟಿ ಹಾಕೋದು ಅಂದ್ರೆ ನನಗೇ ಅವಮಾನ. ಹೋಗು, ಟೋಪಿ ಹಿಡ್ಕೊ."

ನಮ್ಮ ಊರಿನವರು ಎದ್ದು ನಿಂತರು. "ಸೋಲೋ ಭಯಕ್ಕೆ ಬಟ್ಟೆ ಮೇಲೆ ಹೇಳ್ತಿದಾನೆ!" "ಸೋದೋವಾ, ನಿಮ್ಮ ಕರಡಿಗೆ ಉಗುರು ಬೆಳೆಸ್ಕೊ ಅಂತ ಹೇಳು!" ನಗೆ, ಕೇಕೆ. ನಮ್ಮ ತಾಲೂಕಿನ ಅಧ್ಯಕ್ಷ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದ. ಗಿಡುಗ ಬಿರುದು ಆಗಲೇ ಅವನ ಜೇಬಿನಲ್ಲಿತ್ತು.

ನಗದವಳು ಪಗ್ಮಾ. ಕಡುಬನ್ನು ಗಂಡನ ಕೈಗಿಟ್ಟಳು. ನಿಲುವಂಗಿ ಕೊಡವಿಕೊಂಡು ಎದ್ದು, ಜನರನ್ನು ದಾಟಿ ಹುಲ್ಲಿನ ಅಖಾಡದೊಳಕ್ಕೆ ನಡೆದಳು.

ಅಖಾಡದಲ್ಲಿ ಕುಸ್ತಿ ನಡೆಯುವಾಗ ಹೆಣ್ಣು ಕಾಲಿಡುವ ಪದ್ಧತಿ ನಮ್ಮಲ್ಲಿಲ್ಲ. ವೈದ್ಯಳಾದ ನಾನೂ ಕರೆದಾಗಲೇ ಹೋಗುವುದು. ಒಮ್ಮೆಗೇ ಗಲಾಟೆ ಎದ್ದಿತು. "ಏಯ್, ಹೆಂಗಸು ಬಂದ್ಲು! ತಡೀರೋ!"

"ಹೆದರ್ಬೇಡಿ," ಎಂದಳು ಪಗ್ಮಾ, ನಡೆಯುತ್ತಲೇ. "ಕುಸ್ತಿಗೆ ಬಂದಿಲ್ಲ."

ಗಂಡುವೇಷದ ಆ ಹಳೆಯ ಕತೆ ಎಲ್ಲರಿಗೂ ಗೊತ್ತಿದ್ದರಿಂದ ಅರ್ಧ ಜನ ನಕ್ಕರು, ಮಿಕ್ಕವರು ದಾರಿ ಬಿಟ್ಟರು. ಅವಳು ಮೇಜಿನ ಎದುರು ನಿಂತಳು.

"ಅಜ್ಜಾ, ಎದ್ದು ಬಂದು ಮುಷ್ಟಿ ಹಾಕಿ."

"ಪಗ್ಮಾ, ನಿನ್ನ ಅಂಗಿಗೆ ನಾನು..."

"ನನ್ನ ಅಂಗಿ ಅಂತಾನೇ ಹೇಳ್ತಿದೀನಿ. ಬೇರೆಯವ್ರ ಬೆನ್ನಿಗೆಲ್ಲ ಕೈ ಹಾಕ್ತೀರ, ನಂದಕ್ಕೆ ಯಾಕೆ ಹಾಕಲ್ಲ? ನೀವು ಹಾಕ್ದೆ ಬಿಟ್ರೆ ಅದು ಮರ್ಯಾದೆ ಅಲ್ಲ, ಉದಾಸೀನ."

ಅಜ್ಜ ಕೋಲೂರಿ ಎದ್ದ. ಒಸೋರ್ ತೋಳು ಚಾಚಿ ನಿಂತ. ಅಜ್ಜ ಮುಷ್ಟಿ ಕಟ್ಟಿ ಬೆನ್ನಿನ ಬಳಿ ತಂದ. ಹೋಗಲಿಲ್ಲ. ಕೈ ತಿರುಗಿಸಿ ನೋಡಿದ. ಬೆರಳು ನಾಲ್ಕು ಹೋದವು, ಗೆಣ್ಣು ಹೋಗಲಿಲ್ಲ.

ಅಜ್ಜ ಕೈ ಹಿಂದಕ್ಕೆ ತೆಗೆದು ಪಗ್ಮಾಳ ಕಡೆ ತಿರುಗಿದ.

"ನಿಂಗೆ ಬಿಗಿ ಅನ್ನಿಸ್ಲಿಲ್ವೇನೋ?" ಎಂದು ಪಗ್ಮಾ ಮಗನನ್ನು ಕೇಳಿದಳು.

"ಅನ್ನಿಸ್ತಮ್ಮ. ನೀನು ಹೊಲಿದಿದ್ದಲ್ವಾ, ಹಿಂಗೇ ಇರ್ಬೇಕೇನೋ ಅಂದ್ಕೊಂಡೆ."

ಅವಳು ಅವನ ಭುಜವನ್ನು ಒತ್ತಿ ನೋಡಿದಳು, ಪಕ್ಕೆಯನ್ನು ಒತ್ತಿ ನೋಡಿದಳು. ವಸಂತದ ಆ ಎಲುಬು ಎಲ್ಲಿಯೂ ಇರಲಿಲ್ಲ. ಹಿರಿಯರ ಕಡೆ ತಿರುಗಿದಳು. "ತಪ್ಪು ನಂದು. ಎಲ್ಲರಿಗೂ ಹಗ್ಗ ಹಿಡ್ದು ಅಳೀತೀನಿ, ಇವನಿಗೆ ಅಳೀಲಿಲ್ಲ. ಕಣ್ಣಲ್ಲೇ ಕತ್ತರಿಸಿದೆ. ಏಪ್ರಿಲ್ ತಿಂಗಳ ಹುಡುಗನಿಗೆ ಹೊಲಿದ ಅಂಗಿ ಇದು. ಇವನು ಜುಲೈ ತಿಂಗಳೋನು."

ಅಜ್ಜ ಮುಖ ಸಿಂಡರಿಸಿ ನಿಂತಿದ್ದ. ಅವನಿಗೆ ಇನ್ನೊಂದು ಚಿಂತೆ. "ಹಿಂದಿನ ನಾಲ್ಕು ಸುತ್ತಿಗೆ ಏನು ಮಾಡೋದು? ಸೋತೋರು ಯಾರಾದ್ರೂ ಹೇಳೋದಿದ್ರೆ ಹೇಳಿ."

ಪೈಲ್ವಾನರ ಸಾಲಿನಿಂದ ಒಬ್ಬ ದಪ್ಪನೆಯವನು ಎದ್ದ. "ನನ್ನನ್ನ ಕಾಲಲ್ಲಿ ಕೆಡವ್ದ ಅಜ್ಜಾ. ಅವನ ಬೆನ್ನು ಹೆಂಗಿದೆ ಅಂತ ನಾನು ನೋಡ್ಲೇ ಇಲ್ಲ, ಆಕಾಶ ನೋಡ್ತಿದ್ದೆ." ಮಿಕ್ಕ ಮೂವರೂ ತಲೆಯಾಡಿಸಿದರು. ಜನ ನಕ್ಕು ಉಸಿರು ಬಿಟ್ಟರು.

"ಹಂಗಾದ್ರೆ ಆ ಗೆಲುವೆಲ್ಲ ಇರ್ಲಿ. ಹುಡುಗ ಬೇರೆ ಅಂಗಿ ಹಾಕ್ಕೊಳ್ಳಿ," ಎಂದ ಅಜ್ಜ.

"ಬೇರೆ ಅಂಗಿ ಯಾಕೆ? ನಾನು ಹಾಕಿದ ಹೊಲಿಗೆ ನಾನೇ ಬಿಚ್ತೀನಿ." ಪಗ್ಮಾ ಬೂಟಿನೊಳಗೆ ಸದಾ ಸಿಕ್ಕಿಸಿಕೊಂಡಿರುವ ಕತ್ತರಿಯನ್ನು ಎಳೆದಳು.

ಆಗ ನಮ್ಮ ಅಧ್ಯಕ್ಷ ಓಡಿಬಂದ. ಮುಖ ಬೆವೆತಿತ್ತು. "ಪಗ್ಮಕ್ಕ, ತಲೆ ಕೆಟ್ಟಿದ್ಯಾ? ಬಿಚ್ಚಿದ್ರೆ ಆ ಕರಡಿ ಕೈಗೆ ಹಿಡಿ ಕೊಟ್ಟಂಗೆ. ಯಾರದ್ದಾದ್ರೂ ಅಂಗಿ ಹಾಕ್ಸು, ಸರಿಯಾಗಿ ಕೂತ್ಕೊಳ್ಳೋದು. ಇಷ್ಟು ವರ್ಷಕ್ಕೆ ಒಂದು ಬಿರುದು ಬರ್ತಿದೆ ಕಣಮ್ಮ!"

"ನಿಂತ್ಕೊಳ್ಳಯ್ಯ ಪಕ್ಕಕ್ಕೆ, ನೆರಳು ಬೀಳ್ತಿದೆ."

ಬೆನ್ನಿನ ಎರಡೂ ಬದಿಯ ಮೊದಲ ಸಾಲು ಹೊಲಿಗೆಯನ್ನು ಬಿಚ್ಚಿದಳು. ಒಳಗೆ ಮಡಿಚಿಟ್ಟಿದ್ದ ಬಟ್ಟೆ ಬಿಟ್ಟುಕೊಂಡಿತು. ಎರಡನೆಯ ಸಾಲು ಹಾಗೇ ಇದ್ದುದರಿಂದ ಅಂಗಿ ಹರಿಯುವ ಭಯವಿರಲಿಲ್ಲ. ಆದರೆ ಮೈಗೆ ಹೊಂದಿ ಕತ್ತರಿಸಿದ ಸಡಿಲವಲ್ಲ ಅದು. ಎರಡೂ ಕಡೆ ಬಟ್ಟೆ ಕಿವಿಯಂತೆ ಜೋತುಬಿತ್ತು. ಅವಳು ನಿಧಾನವಾಗಿ, ಮನೆಯಲ್ಲಿ ಕೂತು ಮಾಡುವ ಹಾಗೆಯೇ ಮಾಡಿದಳು. ತುಂಡು ದಾರಗಳನ್ನು ಹುಲ್ಲಿನ ಮೇಲೆ ಬಿಡದೆ ಆರಿಸಿ ಎದೆಯ ಮಡಿಕೆಯೊಳಗೆ ಹಾಕಿಕೊಂಡಳು.

"ಹಾಕಿ ಅಜ್ಜಾ."

ಮುಷ್ಟಿ ಹೋಯಿತು.

ಅವಳು ಕತ್ತರಿಯನ್ನು ಮತ್ತೆ ಬೂಟಿಗೆ ಸಿಕ್ಕಿಸಿದಳು. ರಾವ್ದನನನ್ನು ನೋಡಿ ಅಂದಳು: "ಈಗ ಹಿಡಿ ನೋಡೋಣ." ಬಂದ ದಾರಿಯಲ್ಲೇ ವಾಪಸು ಬಂದು ಕುಳಿತಳು. ಈ ಸಲ ಯಾರೂ ತಡೀರೋ ಎನ್ನಲಿಲ್ಲ. ನಮ್ಮ ಕಡೆಯವರು ಕೆಲವರು ಅವಳಿಗೆ ಜಾಗ ಕೊಡಲೂ ಹಿಂಜರಿದರು.

ಆ ಕುಸ್ತಿ ಬಹಳ ಹೊತ್ತು ನಡೆಯಿತು. ರಾವ್ದನನಿಗೆ ಹಿಡಿತ ಸಿಕ್ಕಿತು, ಸಿಕ್ಕ ಮೇಲೆ ಬಿಡಲಿಲ್ಲ. ಅಷ್ಟಾದರೂ ಒಸೋರ್ ಎರಡು ಸಲ ಅವನನ್ನು ನೆಲದಿಂದ ಎತ್ತಿದ. ಒಮ್ಮೆ ರಾವ್ದನನ ಮೊಣಕಾಲು ಹುಲ್ಲಿಗೆ ನಾಲ್ಕು ಬೆರಳು ದೂರದಲ್ಲಿತ್ತು. ಕೂಗಿ ಕೂಗಿ ಸೋದೋವನ ದನಿ ಒಡೆಯಿತು, ನಮ್ಮ ಅಧ್ಯಕ್ಷ ಟೋಪಿ ಕಚ್ಚಿಕೊಂಡ. ಕೊನೆಗೆ ರಾವ್ದನ್ ಜೋತುಬಿದ್ದ ಬಟ್ಟೆಯನ್ನು ಮುಷ್ಟಿಗೆ ಸುತ್ತಿಕೊಂಡು, ಸೊಂಟ ಕೊಟ್ಟು, ಒಸೋರನನ್ನು ಪಕ್ಕಕ್ಕೆ ಎಸೆದ. ಒಸೋರನ ಮೊಣಕೈ ನೆಲ ಮುಟ್ಟಿತು; ನಮ್ಮಲ್ಲಿ ಮೊಣಕೈಯೋ ಮೊಣಕಾಲೋ ನೆಲ ಮುಟ್ಟಿದರೆ ಸೋಲು. ಮುಗಿಯಿತು.

ಬಟ್ಟೆ ಹರಿದಿರಲಿಲ್ಲ.

ಒಸೋರ್ ಎದ್ದು, ಹೊಟ್ಟೆಯ ಮೇಲಿನ ಹಗ್ಗ ಬಿಚ್ಚಿ, ಪದ್ಧತಿಯಂತೆ ರಾವ್ದನ್ ಎತ್ತಿದ ತೋಳಿನ ಕೆಳಗೆ ಹಾದುಹೋದ. ರಾವ್ದನ್ ಅಖಾಡದ ಬಾವುಟದ ಸುತ್ತ ಗಿಡುಗನಂತೆ ಕುಣಿದ. ಮತ್ತೆ, ಪದ್ಧತಿಯಲ್ಲಿಲ್ಲದ ಒಂದು ಕೆಲಸ ಮಾಡಿದ: ತನಗೆ ಕೊಟ್ಟ ಒಣಮೊಸರಿನ ಮೊದಲ ಗಟ್ಟಿಯನ್ನು ನಮ್ಮ ಕಡೆಗೆ ಎಸೆದ. ಅದು ನೇರ ಪಗ್ಮಾಳ ಮಡಿಲಿಗೆ ಬಿತ್ತು. ಅವಳು ಅದನ್ನು ಕಚ್ಚಿ, "ಹುಳಿ ಜಾಸ್ತಿ," ಎಂದು ದಗ್ವನಿಗೆ ಕೊಟ್ಟಳು.

ಒಸೋರ್ ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಮೊಣಕೈ ತರಚಿ ರಕ್ತ ಬರುತ್ತಿತ್ತು. ನಾನು ಅಯೋಡಿನ್ ಹಚ್ಚುವಾಗ ಅವನು ಅವಳನ್ನೇ ನೋಡುತ್ತಿದ್ದ. ಬೈಯುತ್ತಾನೆಂದು ನಾನೂ ಅಂದುಕೊಂಡೆ, ದಗ್ವನೂ ಅಂದುಕೊಂಡ.

"ಅಮ್ಮಾ, ಹಗ್ಗ ತಂದಿದೀಯಾ?"

"ಯಾಕೆ?"

"ಅಳತೆ ತಗೋ. ಮುಂದಿನ ವರ್ಷಕ್ಕೆ."

"ಈಗ ಬೇಡ. ತಿಂದು ಊದ್ಕೊಂಡಿದೀಯ. ಮುಂದಿನ ಜೂನ್‌ನಲ್ಲಿ ಅಳೀತೀನಿ."

ದಗ್ವ ಶಿಳ್ಳೆ ಹಾಕಿದ. ಆ ಶಿಳ್ಳೆಯ ಅರ್ಥ ಕುದುರೆಗಳಿಗೆ ಗೊತ್ತು: ಮನೆಗೆ ನಡೀರಿ.

ಊರಿನಲ್ಲಿ ಆ ಚಳಿಗಾಲ ಪಗ್ಮಾಗೆ ಸುಲಭವಾಗಿರಲಿಲ್ಲ. ಅಂಗಡಿಯಲ್ಲಿ ಹಿಟ್ಟು ಕೊಳ್ಳಲು ಹೋದರೆ ಬೆನ್ನ ಹಿಂದೆ ಮಾತು. ಅಧ್ಯಕ್ಷ ಎದುರಿಗೇ ಹೇಳಿದ: "ಸ್ವಂತ ಮಗನ ಬಿರುದಿಗೆ ಕತ್ತರಿ ಹಾಕಿದೋಳು."

"ಕತ್ತರಿ ಹಾಕ್ದೆ ಇದ್ದಿದ್ರೆ ಬರ್ತಿದ್ದಿದ್ದು ನನ್ನ ಸೂಜಿಯ ಬಿರುದು, ಮಗನದ್ದಲ್ಲ. ನಿಂಗೆ ಸೂಜಿಗೆ ಬಿರುದು ಬೇಕಿದ್ರೆ ಹೇಳು, ನಿನ್ನ ಕೋಟಿಗೆ ಚುಚ್ತೀನಿ," ಎಂದಳು.

ಮೊದಲ ಹಿಮ ಬೀಳುವ ಮುನ್ನ ಅವಳ ಗುಡಾರದ ಮುಂದೆ ಒಂದು ಕುದುರೆ ನಿಂತಿತು. ರಾವ್ದನ್ ಬಾಗಿಲಲ್ಲಿ ತಗ್ಗಿ ಒಳಗೆ ಬಂದ. ಅವನು ಕೂತ ಮೇಲೆ ಬೇರೆಯವರಿಗೆ ಜಾಗ ಉಳಿಯಲಿಲ್ಲ.

"ಪಗ್ಮಕ್ಕ, ನಂಗೊಂದು ಅಂಗಿ ಬೇಕು."

"ಬಿಗೀನಾ, ಸಡಿಲಾನಾ?"

"ನಿಮ್ಮ ಮಗನಿಗೆ ಹಿಡಿಯೋಕೆ ಸಿಗೋವಷ್ಟು."

ಒಸೋರ್ ಬಾಗಿಲ ಬಳಿ ಕೂತಿದ್ದವನು ನಕ್ಕ. ಇಬ್ಬರೂ ಒಂದೇ ಬೋಗುಣಿಯಿಂದ ಕುದುರೆ ಹಾಲು ಕುಡಿದರು. ಪಗ್ಮಾ ಹೊಸ ಹಗ್ಗ ತೆಗೆದು ರಾವ್ದನನ ಬೆನ್ನಿಗೆ ಹಿಡಿದಳು. ಹಗ್ಗ ಸಾಲದೆ ಇನ್ನೊಂದನ್ನು ಜೋಡಿಸಬೇಕಾಯಿತು.

ಒಸೋರನಿಗೆ ಗಿಡುಗ ಬಿರುದು ಬಂದದ್ದು ಅದಾದ ಮೂರು ವರ್ಷಕ್ಕೆ. ಗುಬ್ಬಿಗಳ ತಾಲೂಕು ಎಂಬ ಮಾತು ಅಂದಿಗೆ ನಿಂತಿತು. ಆದರೆ ಹೊರಗಿನವರಾರಾದರೂ ಬಂದು ನಿಮ್ಮ ಊರಿನ ದೊಡ್ಡ ಕುಸ್ತಿ ಯಾವುದು ಎಂದು ಕೇಳಿದರೆ ನಮ್ಮವರು ಆ ಗೆಲುವಿನ ಕತೆ ಹೇಳುವುದಿಲ್ಲ. ಸೋತ ಕುಸ್ತಿಯ ಕತೆ ಹೇಳುತ್ತಾರೆ, ಅಧ್ಯಕ್ಷನೂ ಸೇರಿ; ಕತ್ತರಿ ಕೊಟ್ಟವನು ತಾನೇ ಎಂಬಂತೆ ಹೇಳುತ್ತಾನೆ.

ಅಂದಿನಿಂದ ಜಿಲ್ಲಾ ನಾದಮ್‌ನಲ್ಲಿ ಬೆಳಿಗ್ಗೆ ಮುಷ್ಟಿ ಪರೀಕ್ಷೆ ಶುರುವಾಗುವುದು ನೀಲಿ ಗೊರಸಿನ ಅಂಗಿಗಳಿಂದ. ಆ ಹೊತ್ತಿಗೆ ಪಗ್ಮಾ ಮೇಜಿನ ಪಕ್ಕ ನಿಂತಿರುತ್ತಾಳೆ. ಅಲ್ಲಿ ನಿಲ್ಲಲು ಅವಳನ್ನು ಯಾರೂ ಕರೆದಿಲ್ಲ, ಹೋಗೆಂದು ಹೇಳುವವರೂ ಇಲ್ಲ. ಹೋದ ವರ್ಷ ನಾನೂ ಅಲ್ಲಿದ್ದೆ. ಜಂಬಾಲ್ ಅಜ್ಜನಿಗೆ ತೊಂಬತ್ತು ಸಮೀಪಿಸಿದೆ, ಆದರೂ ಮೊದಲ ಮುಷ್ಟಿ ಅವನದೇ. ಒಸೋರನ ಬೆನ್ನಿಗೆ ಕೈ ಹಾಕಿದ, ಮುಷ್ಟಿ ಸರಾಗವಾಗಿ ಒಳಹೋಯಿತು.

"ಹೋಯ್ತು. ನಡಿ ಮಗಾ," ಎಂದ.

"ನಿಲ್ಲೋ," ಎಂದಳು ಪಗ್ಮಾ. "ಅಜ್ಜಾ, ಕೈ ತೋರ್ಸಿ."

ಅಜ್ಜ ಮುಷ್ಟಿಯನ್ನು ಎತ್ತಿ ಹಿಡಿದ. ಅವಳು ಆ ಸುಕ್ಕಿದ, ಎಲುಬೇ ಉಳಿದ ಮುಷ್ಟಿಯನ್ನು ತನ್ನ ಅಂಗೈಯೊಳಗೆ ಹಿಡಿದು ನೋಡಿದಳು.

"ಇದು ಮುಷ್ಟಿ ಅಲ್ಲ, ಅಕ್ರೋಟು. ನಿಮ್ಮ ಕೈ ಸಣ್ಣಗಾಗಿದೆ ಅಜ್ಜಾ, ಇದ್ರಲ್ಲಿ ನನ್ನ ಅಂಗಿ ಅಳೀಬೇಡಿ." ಪೈಲ್ವಾನರ ಸಾಲಿನ ಕಡೆ ತಿರುಗಿ ಕೂಗಿದಳು: "ಲೋ ರಾವ್ದನ್, ಬಾರೋ ಇಲ್ಲಿ. ನಿನ್ನ ಕೈ ಹಾಕು."